ಹದಿನೆಂಟರ ಹುಡುಗರಲ್ಲಿ ಯಾರು?

ಬಜರ್‌ಬೀಟರ್ ಒಂದು ಆನ್‌ಲೈನ್ ಬ್ಯಾಸ್ಕೆಟ್‌ಬಾಲ್ ಆಟ. ಇದರಲ್ಲಿ ನೀವು ಆಟಗಾರರಲ್ಲ, ತಂಡದ ಮ್ಯಾನೇಜರ್. ಆಟಗಾರರನ್ನು ಕೊಳ್ಳುವುದು, ಮಾರುವುದು, ಅವರಿಗೆ ತರಬೇತಿ ಕೊಡುವುದು, ಸಂಬಳ ತೂಗಿಸುವುದು, ಯಾರು ಯಾವ ಜಾಗದಲ್ಲಿ ಆಡಬೇಕೆಂದು ಮೊದಲೇ ಬರೆದಿಡುವುದು ನಿಮ್ಮ ಪಾಲಿನ ಕೆಲಸ. ಪಂದ್ಯವನ್ನು ಕಂಪ್ಯೂಟರ್ ಆಡಿಸುತ್ತದೆ. ಈ ಕೆಲಸಗಳಲ್ಲೆಲ್ಲ ತೀರ ತಡವಾಗಿ ಫಲ ಕೊಡುವುದು ತರಬೇತಿ. ಹಾಗಾಗಿ ಯಾರಿಗೆ ತರಬೇತಿ ಕೊಡಬೇಕು ಎಂಬ ತೀರ್ಮಾನವನ್ನು ಅವಸರದಲ್ಲಿ ತೆಗೆದುಕೊಳ್ಳಬಾರದು.

ಆಟದ ಒಂದು ಸೀಸನ್ ಎಂದರೆ ನಮ್ಮ 14 ವಾರ. ಅಷ್ಟರಲ್ಲಿ ಆಟಗಾರನಿಗೆ ಒಂದು ವರ್ಷ ತುಂಬುತ್ತದೆ. ತರಬೇತಿಯ ಫಲ ಕಾಣುವುದು ವಾರಕ್ಕೊಮ್ಮೆ, ಶುಕ್ರವಾರ. ಅಂದರೆ 18ರ ಹುಡುಗನಿಗೆ 22 ಆಗುವುದರೊಳಗೆ ಸಿಗುವುದು 56 ಶುಕ್ರವಾರಗಳು. ವಯಸ್ಸು ಏರಿದಂತೆ ಕಲಿಕೆಯ ವೇಗ ಇಳಿಯುತ್ತದೆ. 18ರವನೂ 21ರವನೂ ಇಂದು ಒಂದೇ ಮಟ್ಟದಲ್ಲಿದ್ದರೆ ಚಿಕ್ಕವನನ್ನೇ ಹಿಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಎಷ್ಟು ಜನ ಎಂಬ ಪ್ರಶ್ನೆ. ತರಬೇತಿ ಪೂರ್ತಿ ದಕ್ಕಬೇಕಾದರೆ ಆ ವಾರ ಹುಡುಗ, ತರಬೇತಿ ನಡೆಯುತ್ತಿರುವ ಜಾಗದಲ್ಲೇ, 48 ನಿಮಿಷ ಆಡಿರಬೇಕು. ಒಂದು ಪಂದ್ಯದ ಅವಧಿಯೂ 48 ನಿಮಿಷ. ವಾರಕ್ಕೆ ಮೂರು ಪಂದ್ಯ ಸಿಕ್ಕರೆ ಒಂದು ಜಾಗಕ್ಕೆ 144 ನಿಮಿಷ, ಅಂದರೆ ಮೂವರಿಗೆ ಸಾಕು. ಎರಡು ಜಾಗಗಳಿಗೆ ಒಟ್ಟಿಗೆ ತರಬೇತಿ ಕೊಟ್ಟರೆ ಆರು ಜನಕ್ಕೆ ಅವಕಾಶವಾಗುತ್ತದೆ, ಆದರೆ ಪ್ರತಿಯೊಬ್ಬನ ಪ್ರಗತಿಯೂ ನಿಧಾನ. ಜೊತೆಗೆ ಹುಡುಗ ಫೌಲ್ ಮೇಲೆ ಫೌಲ್ ಮಾಡಿ ಪಂದ್ಯದ ನಡುವೆ ಹೊರಬಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಎಂಟು ಹತ್ತು ಹುಡುಗರನ್ನು ಕೊಂಡು ಬೆಂಚಿನಲ್ಲಿ ಕೂರಿಸುವುದು ದುಡ್ಡು ದಂಡ. ಒಂದೇ ಬಗೆಯ ತರಬೇತಿ ಬೇಕಿರುವ, ಹೆಚ್ಚು ಕಡಿಮೆ ಒಂದೇ ಎತ್ತರದ ಮೂವರು ಸಿಕ್ಕರೆ ಅದೇ ಒಳ್ಳೆಯ ಆರಂಭ.

ಪ್ರತಿ ಆಟಗಾರನಿಗೂ ‘ಪೊಟೆನ್ಶಿಯಲ್’ ಎಂಬ ಮಿತಿ ಇದೆ. ಕೆಳಗಿನ ‘ಅನೌನ್ಸರ್’ನಿಂದ ಮೇಲಿನ ‘ಆಲ್ ಟೈಮ್ ಗ್ರೇಟ್’ವರೆಗೆ ಒಟ್ಟು 12 ಮೆಟ್ಟಿಲು. ಮಿತಿ ಮುಟ್ಟಿದವನಲ್ಲಿ ತರಬೇತಿ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಹೊಸಬರ ಕಣ್ಣೆಲ್ಲ ಮೇಲಿನ ಮೆಟ್ಟಿಲುಗಳ ಮೇಲೆ. ಆದರೆ ಅಂಥ ಹುಡುಗ ತನ್ನ ಮಿತಿ ಮುಟ್ಟುವ ಹೊತ್ತಿಗೆ ಅವನ ಸಂಬಳ ಕೆಳಗಿನ ಲೀಗಿನ ತಂಡದ ಕೈಗೆ ಎಟುಕುವುದಿಲ್ಲ. ಅಲ್ಲಿನ ಮ್ಯಾನೇಜರ್‌ಗೆ ‘ಆಲ್‌ಸ್ಟಾರ್’ ಅಥವಾ ಅದರ ಮೇಲಿನ ಮೆಟ್ಟಿಲೇ ಧಾರಾಳ ಎನ್ನುವುದು ನನ್ನ ಅಭಿಪ್ರಾಯ.

ಆಯ್ಕೆಯ ನಿಜವಾದ ಜಾಣತನ ಇರುವುದು ಎತ್ತರ ಮತ್ತು ಕೌಶಲಗಳನ್ನು ಜೋಡಿಸಿ ನೋಡುವುದರಲ್ಲಿ. ಎತ್ತರದವರು ರೀಬೌಂಡ್, ಶಾಟ್ ಬ್ಲಾಕ್, ಬುಟ್ಟಿಯ ಹತ್ತಿರದ ಹೊಡೆತ ಮತ್ತು ರಕ್ಷಣೆಯನ್ನು ಬೇಗ ಕಲಿಯುತ್ತಾರೆ. ಗಿಡ್ಡನೆಯವರಿಗೆ ಪಾಸಿಂಗ್, ಚೆಂಡಿನ ಹಿಡಿತ, ಡ್ರೈವಿಂಗ್, ಹೊರಗಿನ ರಕ್ಷಣೆ ಬೇಗ ಒಲಿಯುತ್ತವೆ. ಈಗ 208 ಸೆಂಟಿಮೀಟರ್ ಎತ್ತರದ, 18 ವರ್ಷದ ಇಬ್ಬರನ್ನು ಎದುರಿಗಿಟ್ಟುಕೊಳ್ಳಿ. ಒಬ್ಬನಿಗೆ ರೀಬೌಂಡ್ 8, ಪಾಸಿಂಗ್ 2. ಇನ್ನೊಬ್ಬನಿಗೆ ರೀಬೌಂಡ್ 4, ಪಾಸಿಂಗ್ 6. ಮಾರಾಟದ ಪಟ್ಟಿಯಲ್ಲಿ ಮೊದಲನೆಯವನೇ ಸೆಂಟರ್ ಅನ್ನಿಸಿಕೊಂಡು ಮಿಂಚುತ್ತಾನೆ. ನಾನಾದರೆ ಎರಡನೆಯವನನ್ನು ಕೊಳ್ಳುತ್ತೇನೆ. ಅವನಿಗೆ ರೀಬೌಂಡ್ ಕಲಿಸುವುದು ಕಷ್ಟವಲ್ಲ, ಎತ್ತರವೇ ಆ ಕೆಲಸಕ್ಕೆ ನೆರವಾಗುತ್ತದೆ. ಮೊದಲನೆಯವನಿಗೆ ಪಾಸಿಂಗ್ ಕಲಿಸಬೇಕೆಂದರೆ ವಾರಗಟ್ಟಲೆ ಅವನನ್ನು ಪಾಯಿಂಟ್ ಗಾರ್ಡ್ ಜಾಗದಲ್ಲಿ ಆಡಿಸಬೇಕು. ಚೆಂಡು ಹಿಡಿಯಲು ಬಾರದ ಆ ಉದ್ದನೆಯ ಹುಡುಗ ಎದುರಾಳಿಗೆ ಚೆಂಡು ಒಪ್ಪಿಸುತ್ತಲೇ ಇರುತ್ತಾನೆ, ತಂಡ ಸೋಲುತ್ತಲೇ ಇರುತ್ತದೆ. ಹುಡುಗನಲ್ಲಿ ನೋಡಬೇಕಾದದ್ದು ನೀವು ಸುಲಭವಾಗಿ ಕಲಿಸಲಾಗದ್ದು ಏನೇನಿದೆ ಎಂಬುದನ್ನು.

ನಿಜವಾದ ಅಂಗಳದಲ್ಲೂ ಇಂಥ ಮಿಶ್ರಣಕ್ಕೆ ಬೆಲೆ ಇದೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಆಂಥೊನಿ ಡೇವಿಸ್ ಹೈಸ್ಕೂಲಿನ ಮೊದಲ ದಿನಗಳಲ್ಲಿ ಗಾರ್ಡ್ ಆಗಿದ್ದವರು. ಅಲ್ಲಿದ್ದಾಗಲೇ ಅರ್ಧ ಅಡಿಗೂ ಹೆಚ್ಚು ಉದ್ದ ಬೆಳೆದರು. ಗಾರ್ಡ್ ಆಗಿ ಕಲಿತ ಚೆಂಡಿನ ಹಿಡಿತ ಮಾತ್ರ ಹಾಗೇ ಉಳಿಯಿತು. 2012ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಅವರೇ ಮೊದಲ ಆಯ್ಕೆ. ಬಜರ್‌ಬೀಟರ್‌ನಲ್ಲಿ ಯಾರೂ ಎತ್ತರ ಬೆಳೆಯುವುದಿಲ್ಲ, ಆದ್ದರಿಂದ ಇಂಥವರನ್ನು ಹುಡುಕಿಯೇ ತರಬೇಕು.

ಸಂಬಳವೂ ಈ ಆಯ್ಕೆಯ ಪರವಾಗಿದೆ. ಸೆಂಟರ್‌ಗಳಲ್ಲಿ ಬುಟ್ಟಿಯ ಹತ್ತಿರದ ಕೌಶಲಗಳು ಮೇಲಕ್ಕೇರಿದಂತೆ ಸಂಬಳ ಒಮ್ಮೆಲೇ ಜಿಗಿಯುತ್ತದೆ. ಕೌಶಲಗಳು ಹರಡಿಕೊಂಡಿರುವ ಆಟಗಾರ ಅಷ್ಟೇ ಉಪಯೋಗಕ್ಕೆ ಬಂದರೂ ಅಷ್ಟು ದುಬಾರಿಯಾಗುವುದಿಲ್ಲ. ಇನ್ನು ಫ್ರೀ ಥ್ರೋ ಮತ್ತು ದಮ್ಮಿನ ತರಬೇತಿ ಇಡೀ ತಂಡಕ್ಕೆ ಸೇರಿದ್ದು. ಅದಕ್ಕೆಂದು ಒಂದು ವಾರ ಬಿಟ್ಟುಕೊಟ್ಟರೆ ಹುಡುಗರ ಉಳಿದ ಕಲಿಕೆ ಆ ವಾರ ನಿಲ್ಲುತ್ತದೆ. ಅದನ್ನು ಮೊದಲ ವರ್ಷಗಳಲ್ಲಿ ಮುಟ್ಟದಿರುವುದೇ ಲೇಸು.

ಕೊಳ್ಳುವ ಕಾಲವನ್ನೂ ಗಮನಿಸಬೇಕು. ಸೀಸನ್ ಬದಲಾಗುವಾಗ ಎಲ್ಲ ಆಟಗಾರರ ವಯಸ್ಸೂ ಒಟ್ಟಿಗೆ ಏರುತ್ತದೆ. ಸೀಸನ್ನಿನ ಮೊದಲ ವಾರ ಮಾರಾಟಕ್ಕೆ ಬಂದವನಿಗೂ 12ನೇ ವಾರ ಬಂದವನಿಗೂ ಪಟ್ಟಿಯಲ್ಲಿ 18 ಎಂದೇ ಇರುತ್ತದೆ. ಎರಡನೆಯವನ ಹಿಂದಿನ ಮ್ಯಾನೇಜರ್ ಅವನಿಗೆ ತರಬೇತಿ ಕೊಡದೆ ಕೂರಿಸಿದ್ದರೆ, ಕಲಿಕೆಯ ವೇಗ ಗರಿಷ್ಠವಾಗಿದ್ದ ವರ್ಷದ ಬಹುಪಾಲು ಆಗಲೇ ವ್ಯರ್ಥವಾಗಿರುತ್ತದೆ. ಬೆಲೆ ಕೂಗುವಾಗ ಆ ವಾರಗಳನ್ನು ಕಳೆದೇ ಕೂಗಿ.