ಓಬೋ ವಾದಕನ ಚೂರಿ

ಪಾಶ್ಚಾತ್ಯ ವಾದ್ಯವೃಂದವು ಕಛೇರಿಗೆ ಮುನ್ನ ಶ್ರುತಿಗೂಡಿಸಿಕೊಳ್ಳುವಾಗ ಪಿಟೀಲು ಮೊದಲಾದ ವಾದ್ಯಗಳೆಲ್ಲ ಕಿವಿಗೊಡುವುದು ಓಬೋ ನುಡಿಸುವ ಒಂದೇ ಸ್ವರಕ್ಕೆ; ಆ ಸ್ವರದ ಭಾರವನ್ನು ಹೊರುವುದಾದರೋ, ಸುಮಾರು 70 ಮಿಲಿಮೀಟರ್ ಉದ್ದದ, ತುದಿಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳ್ಳಗಿರುವ, ಎರಡೆಸಳಿನ ರೀಡು. ನಮ್ಮ ನಾಗಸ್ವರದ ಸೀವಾಳಿಗೆ ಇದು ದೂರದ ಬಂಧು. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದಲ್ಲಿ ಬೆಳೆಯುವ ಅರುಂಡೋ ಡೋನಾಕ್ಸ್ ಎಂಬ ಜೊಂಡಿನ ದಂಟನ್ನು ಸೀಳಿ, ಮಡಿಸಿ, ಲೋಹದ ಸಣ್ಣ ಕೊಳವೆಗೆ ದಾರದಿಂದ ಬಿಗಿದು, ಬಳಿಕ ಚೂರಿಯಿಂದ ಹೆರೆದು ಇದನ್ನು ಸಿದ್ಧಪಡಿಸುತ್ತಾರೆ.

ರೀಡು ಮುನಿಸಿಕೊಂಡೊಡನೆಯೇ ಚೂರಿಗೆ ಕೈಹಾಕುವ ಆತುರದಿಂದಲೇ ಬಹುಪಾಲು ರೀಡುಗಳು ಹಾಳಾಗುತ್ತವೆ, ಏಕೆಂದರೆ ಹೆರೆದು ಕಳೆದ ಪದರವನ್ನು ಮರಳಿ ಅಂಟಿಸುವ ವಿದ್ಯೆ ಯಾರಿಗೂ ತಿಳಿಯದು. ಮಂದ್ರ ಸ್ವರಗಳು ತೊದಲುತ್ತಿದ್ದರೆ, ದೋಷವು ವಾದ್ಯದ ಸವೆದ ಪ್ಯಾಡಿನಲ್ಲಿಯೂ ಇರಬಹುದಾದುದರಿಂದ, ಬೇರೊಂದು ರೀಡನ್ನು ಹಾಕಿ ನೋಡುವುದು ಮೊದಲ ಪರೀಕ್ಷೆ. ನೀರಿನಲ್ಲಿ ಕೆಲವು ನಿಮಿಷ ನೆನೆಸಿದ ರೀಡಿನ ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿ ಊದಿದಾಗ ಎಸಳುಗಳ ಅಂಚಿನಲ್ಲಿ ಗುಳ್ಳೆಗಳೆದ್ದರೆ ಗಾಳಿ ಸೋರುತ್ತಿದೆಯೆಂದರ್ಥ. ಕರುಳಿನ ತೆಳುಪೊರೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಸುತ್ತಿದರೆ ಸಾಕು. ತುದಿಯ ಬಾಯಿ ಅತಿಯಾಗಿ ತೆರೆದಿದ್ದರೆ ಎಸಳುಗಳನ್ನು ಮೇಲೆ ಕೆಳಗೆ ಮೆಲ್ಲನೆ ಒತ್ತುವುದು, ಮುಚ್ಚಿಕೊಂಡಿದ್ದರೆ ಇಕ್ಕೆಲಗಳಿಂದ ಹಿಸುಕುವುದು. ಇವೂ ಚೂರಿಯಿಲ್ಲದ ಚಿಕಿತ್ಸೆಗಳೇ.

ಫ್ರಾನ್ಸಿನಿಂದ ಹೋಗಿ 1915ರಿಂದ 1954ರವರೆಗೆ ಫಿಲಡೆಲ್ಫಿಯಾ ವಾದ್ಯವೃಂದದಲ್ಲಿ ನುಡಿಸಿದ ಮಾರ್ಸೆಲ್ ತಾಬ್ಯೂತೋ ಅವರಿಂದ ಪ್ರಸಿದ್ಧವಾದ ಅಮೆರಿಕದ ಪದ್ಧತಿಯಲ್ಲಿ ಎಸಳನ್ನು ತುದಿಯಿಂದ ಬಹುದೂರ ಹಿಂದಕ್ಕೆ ಹೆರೆಯುತ್ತಾರೆ. ಯೂರೋಪಿನಲ್ಲಿ ಹೆರೆಯುವ ಭಾಗ ಗಿಡ್ಡ. ಅಮೆರಿಕದ ರೀಡನ್ನಷ್ಟೇ ತುಟಿಗಿಟ್ಟು ಊದಿದರೆ ಕಾಗೆಯ ಕೂಗಿನಂಥ ದನಿಯೊಂದು ಹೊರಡುತ್ತದೆ. ಅದು ಸಿ ಎಂಬ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಯಬೇಕು. ಆ ದನಿ ಇಳಿದು ಅಂಕೆ ತಪ್ಪಿದ್ದರೆ ತುದಿಯಿಂದ ಕೂದಲೆಳೆಯಷ್ಟನ್ನು ಕತ್ತರಿಸುವರು. ಏರಿ ಬಿಗಿದುಕೊಂಡಿದ್ದರೆ ಎಸಳುಗಳ ನಡುವೆ ತೆಳುವಾದ ಬಿಲ್ಲೆಯೊಂದನ್ನು ತೂರಿಸಿ, ಹಿಂಭಾಗವನ್ನು ಎಡಬಲಗಳಲ್ಲಿ ಸಮನಾಗಿ ಹೆರೆಯುವರು. ನಾಲ್ಕಾರು ಸಲ ಚೂರಿಯಾಡಿಸಿ ಮತ್ತೆ ಊದಿ ನೋಡದವನ ಕೈಯಲ್ಲಿ ಒಳ್ಳೆಯ ದಂಟೂ ಉಳಿಯದು.

ಹವೆ ತೇವವಾದರೆ ಒಂದು ಗುಣ, ಒಣಗಿದರೆ ಇನ್ನೊಂದು. ನಿನ್ನೆ ಸೊಗಸಾಗಿ ನುಡಿದುದು ಇಂದು ಮೊಂಡು ಹಿಡಿಯುವುದುಂಟು. ನಿತ್ಯವೂ ನುಡಿಸುವವರಲ್ಲಿ ರೀಡಿನ ಆಯುಸ್ಸು ಕೆಲವು ವಾರಗಳನ್ನು ಮೀರುವುದು ವಿರಳವಾದುದರಿಂದ, ಒಂದನ್ನು ನುಡಿಸುತ್ತಿರುವಾಗಲೇ ಅವರು ಮತ್ತೊಂದನ್ನು ಹೆರೆಯತೊಡಗಿರುತ್ತಾರೆ.