ಕಿಟಕಿಯಿಲ್ಲದ ಮನೆ

ಹೈದರಾಬಾದು ನಗರದಿಂದ ವಿಜಯವಾಡದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ, ಬಂಡೆಗಲ್ಲುಗಳ ಬಯಲಿನ ನಡುವೆ ಒಂದು ವಿಚಿತ್ರವಾದ ಊರು ಎದುರಾಗುತ್ತದೆ. ಅಲ್ಲಿ ರೈಲು ನಿಲ್ದಾಣವಿದೆ, ಆದರೆ ರೈಲು ಯಾವ ಊರಿಗೂ ಹೋಗುವುದಿಲ್ಲ. ವಿಮಾನ ನಿಲ್ದಾಣವಿದೆ, ವಿಮಾನ ಹಾರುವುದಿಲ್ಲ. ಬೀದಿಗಳ ಇಕ್ಕೆಲಗಳಲ್ಲಿಯೂ ಮನೆಗಳಿವೆ, ಯಾವ ಮನೆಯಲ್ಲಿಯೂ ಒಲೆ ಹೊತ್ತುವುದಿಲ್ಲ. ಇದೇ ರಾಮೋಜಿ ಚಿತ್ರನಗರಿ. 1996ರಲ್ಲಿ ಆರಂಭವಾದ ಈ ಸ್ಟುಡಿಯೋ 1,666 ಎಕರೆಗಳಷ್ಟು ವಿಸ್ತಾರವಾಗಿದ್ದು, ಜಗತ್ತಿನ ಅತಿ ದೊಡ್ಡ ಸ್ಟುಡಿಯೋ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿ ಹೆಸರು ಪಡೆದಿದೆ.

ಒಂದು ಕಡೆ ಚಿತ್ರೀಕರಣ ನಡೆಯುತ್ತಿರುವಂತೆಯೇ, ಇನ್ನೊಂದು ಕಡೆ ಪ್ರವಾಸಿಗಳನ್ನು ಬಸ್ಸುಗಳಲ್ಲಿ ಕೂರಿಸಿ ಮಾರ್ಗದರ್ಶಕರೊಡನೆ ಊರು ಸುತ್ತಿಸುವ ಏರ್ಪಾಡು ಇಲ್ಲಿದೆ. ನಾವೂ ಅಂತಹ ಒಂದು ಬಸ್ಸನ್ನು ಹತ್ತಿದೆವು. ನಮ್ಮೊಡನಿದ್ದ ತರುಣರಿಗೆ ತಾರೆಯರನ್ನು ಕಾಣುವ ಹಂಬಲ. ನಮ್ಮ ಕುತೂಹಲ ಬೇರೆಯಾಗಿತ್ತು. ಹೊರಗೆ ಧಾರಾಳವಾದ ಬಿಸಿಲು, ನಿಜವಾದ ಬೀದಿ, ನಿಜವಾದ ಮನೆಗಳು ಇರುವಾಗ, ಅವೆಲ್ಲವನ್ನೂ ಮತ್ತೊಮ್ಮೆ ಕಟ್ಟಿಕೊಳ್ಳುವ ಗೊಡವೆ ಚಿತ್ರ ತಯಾರಿಸುವವರಿಗೆ ಏಕೆ?

ಒಂಟಿಗಣ್ಣಿನ ಸಾಕ್ಷಿ

ಬಸ್ಸು ಒಂದು ಬೀದಿಯನ್ನು ಹೊಕ್ಕಿತು. ಎಡಬಲಗಳಲ್ಲಿ ಮಾಳಿಗೆಯ ಮನೆಗಳು, ಅಂಗಡಿಗಳು, ಕಮಾನುಗಳು. ಬಸ್ಸು ಮೂಲೆಯಲ್ಲಿ ತಿರುಗಿದೊಡನೆ ಆ ಭವ್ಯ ಸೌಧಗಳ ಗುಟ್ಟು ಬಯಲಾಯಿತು. ಹಲವಕ್ಕೆ ಮುಂದಿನ ಗೋಡೆಯಷ್ಟೇ ಇದೆ. ಹಿಂದೆ ಊರುಗೋಲಿನಂತಿರುವ ಕಂಬಗಳಲ್ಲದೆ ಬೇರೇನೂ ಇಲ್ಲ. ಕಲ್ಲೆಂದು ನಾವು ನಂಬಿದ್ದು ಬಣ್ಣ ಬಳಿದ ಪ್ಲಾಸ್ಟರು. ಇನ್ನು ಕೆಲವು ಕಟ್ಟಡಗಳ ಒಂದೊಂದು ಪಕ್ಕವೂ ಒಂದೊಂದು ಬೇರೆ ಕಟ್ಟಡದ ಮುಖ.

ನಮ್ಮ ಕಣ್ಣು ಕಂಡುಹಿಡಿದ ಈ ಮೋಸವನ್ನು ಕ್ಯಾಮೆರಾ ಏಕೆ ಕಂಡುಹಿಡಿಯಲಿಲ್ಲ? ಓದುಗರು ಇಲ್ಲಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಕೈಯನ್ನು ನೀಳವಾಗಿ ಚಾಚಿ, ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದಲೂ ಒಮ್ಮೆ ಬಲಗಣ್ಣಿನಿಂದಲೂ ನೋಡಿರಿ. ಬೆರಳು ಗೋಡೆಯ ಮುಂದೆ ಆಚೀಚೆ ಜಿಗಿಯುತ್ತದೆ. ನೋಡುವ ಸ್ಥಾನ ಬದಲಾದಾಗ ಹತ್ತಿರದ ವಸ್ತು ಹಿನ್ನೆಲೆಗಿಂತ ಹೆಚ್ಚು ಸರಿದಂತೆ ತೋರುವ ಈ ಸಂಗತಿಯನ್ನು ಪ್ಯಾರಲ್ಯಾಕ್ಸ್ ಎನ್ನುತ್ತಾರೆ. ಎರಡು ಕಣ್ಣುಗಳಿಗೆ ಕಾಣುವ ಈ ವ್ಯತ್ಯಾಸದಿಂದಲೇ ಮೆದುಳು ಹತ್ತಿರದ ವಸ್ತುಗಳ ದೂರವನ್ನು ಅಳೆಯುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಅದನ್ನು ಒಂದೆಡೆ ನಿಲ್ಲಿಸಿದರೆ, ಆ ಸ್ಥಳದಿಂದ ಯಾವುದು ಮನೆಯಂತೆ ಕಾಣುವುದೋ ಅದು ಮನೆಯೇ ಸರಿ. ಚಲಿಸುವ ಬಸ್ಸಿನಲ್ಲಿ ಕುಳಿತ ನಾವು ಕ್ಷಣಕ್ಷಣಕ್ಕೂ ಸ್ಥಾನ ಬದಲಾಯಿಸುತ್ತಿದ್ದೆವು. ಆದುದರಿಂದ ನಮಗೆ ಸತ್ಯ ತಿಳಿಯಿತು. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಎಷ್ಟು ಸರಿಯಬಹುದು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡು, ಅಷ್ಟಕ್ಕೆ ಬೇಕಾದ ಮನೆಯನ್ನು ಮಾತ್ರ ಬಡಗಿ ಕಟ್ಟುತ್ತಾನೆ.

ಓಡದ ಗಾಡಿ

ಬಸ್ಸಿನಿಂದಿಳಿದ ಮೇಲೆ ನಮ್ಮನ್ನು ಒಂದು ಪ್ರದರ್ಶನ ಶಾಲೆಗೆ ಕರೆದೊಯ್ದರು. ಪ್ರೇಕ್ಷಕರೊಳಗಿನ ಒಬ್ಬ ಹುಡುಗಿಯನ್ನು ಕರೆದು, ಒಂದೇ ಬಣ್ಣದ ಪರದೆಯ ಮುಂದೆ ನಿಲ್ಲಿಸಿದ್ದ ಕುದುರೆಗಾಡಿಯಲ್ಲಿ ಕೂರಿಸಿದರು. ಗಾಡಿಗೆ ಕುದುರೆಯಿಲ್ಲ, ಚಲನೆಯೂ ಇಲ್ಲ. ಆಕೆ ಇಲ್ಲದ ಕುದುರೆಯನ್ನು ಗದರಿಸುತ್ತ ಚಾವಟಿ ಬೀಸಿದಳು. ಬಳಿಕ ಮತ್ತೆ ಕೆಲವರನ್ನು ಕರೆದು ಗೊರಸಿನ ಸದ್ದು, ಚಕ್ರದ ಸದ್ದು, ಗಾಳಿಯ ಸದ್ದು ಇವನ್ನು ಸಾಮಾನ್ಯ ಸಾಧನಗಳಿಂದಲೇ ಮಾಡಿಸಿದರು. ಕೊನೆಗೆ ಇವೆಲ್ಲವನ್ನೂ ಕೂಡಿಸಿ ತೆರೆಯ ಮೇಲೆ ತೋರಿಸಿದಾಗ, ಗಾಡಿ ಬಯಲುದಾರಿಯಲ್ಲಿ ಶರವೇಗದಿಂದ ಓಡುತ್ತಿತ್ತು.

ಪರದೆಯ ಬಣ್ಣ ಸಾಮಾನ್ಯವಾಗಿ ಹಸಿರಾಗಿರುತ್ತದೆ. ಚಿತ್ರದಲ್ಲಿ ಎಲ್ಲೆಲ್ಲಿ ಆ ಹಸಿರು ಕಾಣುವುದೋ ಅಲ್ಲಲ್ಲಿ ಬೇರೊಂದು ಚಿತ್ರವನ್ನು ತುಂಬುವಂತೆ ಕಂಪ್ಯೂಟರಿಗೆ ಆದೇಶವಿರುತ್ತದೆ. ಹಸಿರೇ ಏಕೆಂದರೆ, ಮನುಷ್ಯರ ಮೈಬಣ್ಣದಲ್ಲಿ ಅಂತಹ ಹಸಿರಿಲ್ಲ. ಮೇಲಾಗಿ, ಸಾಮಾನ್ಯವಾದ ಡಿಜಿಟಲ್ ಕ್ಯಾಮೆರಾದ ಬೆಳಕಿನ ಕಣಗಳಲ್ಲಿ ಅರ್ಧದಷ್ಟು ಹಸಿರನ್ನು ಗ್ರಹಿಸುವುದಕ್ಕಾಗಿಯೇ ಇರುವಂತಹವು. ಉಳಿದರ್ಧವನ್ನು ಕೆಂಪು ಮತ್ತು ನೀಲಿ ಹಂಚಿಕೊಳ್ಳುತ್ತವೆ. ಹೀಗಾಗಿ ಹಸಿರಿನ ಅಂಚನ್ನು ಕ್ಯಾಮೆರಾ ಹೆಚ್ಚು ಸ್ಪಷ್ಟವಾಗಿ ಗುರುತಿಸಬಲ್ಲದು.

ಈ ಆಟದಲ್ಲಿ ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ದೊರೆಯಿತು. ಬೇಡವಾದ ಬೆಳಕು, ಬೇಡವಾದ ಸದ್ದು ಎರಡನ್ನೂ ಹೊರಗಿಟ್ಟರೆ ಮಾತ್ರ, ಬೇಕಾದುದನ್ನು ಬೇಕಾದಷ್ಟು ಒಳಗೆ ಸೇರಿಸಲು ಸಾಧ್ಯ. ಸ್ಟುಡಿಯೋ ಎಂದರೆ ಲೋಕವನ್ನು ಹೊರಗಿಡುವ ಮನೆ.

ಸೂರ್ಯನೊಡನೆ ತಿರುಗಿದ ಕಟ್ಟಡ

ಮೊದಲಿಗೆ ಹಾಗಿರಲಿಲ್ಲ. 1893ರಲ್ಲಿ ಅಮೆರಿಕದ ನ್ಯೂ ಜರ್ಸಿಯಲ್ಲಿ ಎಡಿಸನ್ನನ ಪ್ರಯೋಗಶಾಲೆಯವರು ಚಿತ್ರ ತೆಗೆಯುವುದಕ್ಕಾಗಿಯೇ ಒಂದು ಕಟ್ಟಡವನ್ನು ಕಟ್ಟಿದರು. ತಾರು ಸವರಿದ ಕರಿಯ ಕಾಗದವನ್ನು ಹೊದಿಸಿದ್ದ ಆ ಮನೆಗೆ ‘ಬ್ಲ್ಯಾಕ್ ಮೆರಯಾ’ ಎಂಬ ಅಡ್ಡಹೆಸರಿತ್ತು. ಅದರ ಮಾಡನ್ನು ತೆರೆದು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳಬಹುದಾಗಿತ್ತು. ಸೂರ್ಯ ಸರಿದಂತೆ ಇಡೀ ಕಟ್ಟಡವನ್ನೇ ವೃತ್ತಾಕಾರದ ಹಳಿಯ ಮೇಲೆ ತಿರುಗಿಸುತ್ತಿದ್ದರು. ಅಂದು ಮನೆ ಸೂರ್ಯನಿಗೆ ಅಧೀನವಾಗಿತ್ತು. ಪ್ರಬಲವಾದ ವಿದ್ಯುದ್ದೀಪಗಳು ಬಂದ ಮೇಲೆ ಈ ದಾಸ್ಯ ತಪ್ಪಿತು. ಮಾಡನ್ನು ಮುಚ್ಚಿ, ನಡುರಾತ್ರಿಯಲ್ಲಿಯೂ ಹಗಲನ್ನು ಸೃಷ್ಟಿಸಬಹುದಾಯಿತು.

ಬೆಳಕಿನ ಬಳಿಕ ಶಬ್ದದ ಸರದಿ. ಭಾರತದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ 1931ರಲ್ಲಿ ತೆರೆ ಕಂಡಿತು. ಅದನ್ನು ತಯಾರಿಸಿದ ಮುಂಬಯಿಯ ಸ್ಟುಡಿಯೋ ರೈಲುಹಳಿಯ ಸಮೀಪದಲ್ಲಿತ್ತು. ರೈಲಿನ ಸದ್ದಿಗೆ ಹೆದರಿ, ಬಂಡಿಗಳ ಓಡಾಟ ನಿಂತ ಮೇಲೆ ರಾತ್ರಿಯಲ್ಲಿ ಚಿತ್ರೀಕರಣ ನಡೆಸಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂದಿತು. ಅದನ್ನು ತಯಾರಿಸಿದವರು ಕೊಲ್ಹಾಪುರದ ಸ್ಟುಡಿಯೋವೊಂದಕ್ಕೆ ಹೋಗಬೇಕಾಗಿತ್ತು. ಮಾತನಾಡುವ ಚಿತ್ರಕ್ಕೆ ಮೌನವಾದ ಮನೆ ಬೇಕು. ಅಂತಹ ಮನೆ ಸುಲಭವಾಗಿ ದೊರೆಯುವ ವಸ್ತುವಾಗಿರಲಿಲ್ಲ.

ಮೌನವನ್ನು ಕಟ್ಟುವ ಬಗೆ

ನಮ್ಮ ಬಸ್ಸು ದೊಡ್ಡ ಉಗ್ರಾಣದಂತಿದ್ದ ಕಟ್ಟಡಗಳ ಪಕ್ಕದಲ್ಲಿ ಹಾದುಹೋಯಿತು. ಇವು ಚಿತ್ರೀಕರಣದ ಮುಚ್ಚು ಅಂಗಳಗಳು. ಕೆಲಸ ನಡೆಯುತ್ತಿರುವಾಗ ಇವುಗಳ ಬಾಗಿಲು ಪ್ರವಾಸಿಗಳಿಗೆ ತೆರೆಯುವುದಿಲ್ಲ. ಹೊರಗಿನಿಂದ ಕಂಡುದು ಎತ್ತರದ ಗೋಡೆಯೊಂದೇ. ಆದರೆ ಆ ಗೋಡೆಗೆ ಕಿಟಕಿಗಳಿಲ್ಲದಿದ್ದುದೇ ನಮ್ಮನ್ನು ಯೋಚನೆಗೆ ಹಚ್ಚಿತು.

ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 17 ಮೀಟರ್ ದೂರದ ಗೋಡೆಗೆ ತಾಗಿದ ಮಾತು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಹಿಂದಿರುಗುತ್ತದೆ. ಬರಿಯ ಗೋಡೆಗಳ ದೊಡ್ಡ ಕೋಣೆಯಲ್ಲಿ ಒಂದು ಮಾತು ಅಡಗುವ ಮೊದಲೇ ಇನ್ನೊಂದು ಮಾತು ಅದರ ಮೇಲೆ ಬೀಳುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಈ ತೊಂದರೆ ಹೆಚ್ಚಾಗಿ, ಅದನ್ನು ನಿವಾರಿಸುವ ಹೊಣೆ ವ್ಯಾಲೇಸ್ ಸೇಬೀನ್ ಎಂಬ ತರುಣ ಅಧ್ಯಾಪಕನ ಮೇಲೆ ಬಿದ್ದಿತು. ಆತ ಬೇರೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗಳಿಗೆ ಶಬ್ದ ಎಷ್ಟು ಬೇಗ ಅಡಗುತ್ತದೆಂಬುದನ್ನು ಅಳೆಯುತ್ತ ಹೋದ. ಕಟ್ಟಡಗಳ ಶಬ್ದಶಾಸ್ತ್ರ ಈ ಮೆತ್ತೆಗಳ ಲೆಕ್ಕದಿಂದಲೇ ಹುಟ್ಟಿತು.

ಸೇಬೀನ್ ತನ್ನ ಅಳತೆಗೆ ಆರಿಸಿಕೊಂಡ ಮಾನವೇನು ಬಲ್ಲಿರಾ? ತೆರೆದ ಕಿಟಕಿ! ಅದರಿಂದ ಹೊರಹೋದ ಶಬ್ದ ಹಿಂದಿರುಗುವುದಿಲ್ಲ. ಆದಕಾರಣ ಅದು ಪರಿಪೂರ್ಣವಾದ ಶಬ್ದಶೋಷಕ. ಆದರೆ ಒಳಗಿನ ಶಬ್ದ ಹೋಗುವ ದಾರಿಯಲ್ಲಿಯೇ ಹೊರಗಿನ ಶಬ್ದವೂ ಬರುತ್ತದೆ. ಆದುದರಿಂದ ಸ್ಟುಡಿಯೋಗಳಲ್ಲಿ ಕಿಟಕಿಗಳನ್ನು ತ್ಯಜಿಸಿ, ಗೋಡೆಗೆ ಸರಂಧ್ರವಾದ ವಸ್ತುಗಳನ್ನು ಹೊದಿಸುತ್ತಾರೆ. ಶಬ್ದವೆಂದರೆ ಗಾಳಿಯ ಕಂಪನ. ನಾರಿನ ಸಂದುಗಳೊಳಗೆ ಆ ಗಾಳಿ ಅಲುಗಾಡುವಾಗ ನಾರಿಗೆ ಉಜ್ಜಿ, ಕಂಪನದ ಶಕ್ತಿ ಅತ್ಯಲ್ಪವಾದ ಶಾಖವಾಗಿ ಮಾರ್ಪಡುತ್ತದೆ, ಶಬ್ದ ಅಡಗುತ್ತದೆ.

ಬೆಳಕಿನ ಬೆಲೆ

ಇನ್ನು ದೀಪಗಳ ವಿಚಾರ. ದೀಪವನ್ನು ಎರಡರಷ್ಟು ದೂರಕ್ಕೆ ಒಯ್ದರೆ ಅದರ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಎತ್ತರದ ಅಟ್ಟಣೆಯಿಂದ ಒಂದು ಅರಮನೆಯ ದೃಶ್ಯವನ್ನು ಬೆಳಗಬೇಕಾದರೆ ದೀಪಗಳು ಬಹು ಪ್ರಬಲವಾಗಿರಬೇಕು. ಸ್ಟುಡಿಯೋಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟಂಗ್‌ಸ್ಟನ್ ದೀಪಗಳಲ್ಲಿ 10 ಕಿಲೋವಾಟಿನವೂ ಇದ್ದವು. ಮನೆಯ ಸ್ನಾನದ ಕೋಣೆಯಲ್ಲಿ ನೀರು ಕಾಯಿಸುವ 2 ಕಿಲೋವಾಟಿನ ಐದು ಗೀಸರುಗಳಿಗೆ ಇಂತಹ ಒಂದು ದೀಪ ಸಮ. ಅದು ಒಂದು ಗಂಟೆಯಲ್ಲಿ ವ್ಯಯಿಸುವ ಶಕ್ತಿಯಿಂದ, 30 ಡಿಗ್ರಿಯಲ್ಲಿರುವ 100 ಲೀಟರ್ ನೀರನ್ನು ಕುದಿಬಿಂದುವಿಗೆ ತರಬಹುದು. ಈ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ನೂರರಲ್ಲಿ ಸುಮಾರು ಹತ್ತು ಪಾಲು ಮಾತ್ರ. ಆ ಬೆಳಕಾದರೂ ಗೋಡೆ, ನೆಲ, ವೇಷಭೂಷಣಗಳ ಮೇಲೆ ಬಿದ್ದು ಕಟ್ಟಕಡೆಗೆ ಶಾಖವೇ ಆಗುತ್ತದೆ. ಮುಚ್ಚಿದ ಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು?

ಓದುಗರು ಈಗ ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು: ಗಾಳಿಯಾಡದ ಮನೆ, ನಾರಿನ ಹೊದಿಕೆ, ಅಪಾರವಾದ ಶಾಖ.

ಇವು ಕೂಡಿದಾಗ ಆಗಬಹುದಾದುದನ್ನು ಕನ್ನಡನಾಡು ಕಣ್ಣಾರೆ ಕಂಡಿದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. 62 ಮಂದಿ ಪ್ರಾಣ ಕಳೆದುಕೊಂಡರು. ಸಡಿಲವಾದ ವಿದ್ಯುತ್ ತಂತಿಗಳು, ಗಾಳಿಕಿಂಡಿಗಳ ಅಭಾವ, ಬೆಂಕಿಯನ್ನು ತಡೆಯುವ ವಸ್ತುವಿಗೆ ಬದಲಾಗಿ ಗೋಡೆಗೆ ಹೊದಿಸಿದ್ದ ಗೋಣಿ, ದೊಡ್ಡ ದೀಪಗಳ ಕಾವು ಇವು ಅನಾಹುತವನ್ನು ಹೆಚ್ಚಿಸಿದುವೆಂದು ವರದಿಗಳು ತಿಳಿಸುತ್ತವೆ. ಗೋಣಿ ಶಬ್ದವನ್ನು ನುಂಗುತ್ತದೆ, ನಿಜ. ಆದರೆ ಯಾವ ಸಂದುಗಳಲ್ಲಿ ಶಬ್ದ ಅಡಗುವುದೋ ಆ ಸಂದುಗಳಲ್ಲಿಯೇ ಗಾಳಿ ಇರುತ್ತದೆ. ನಾರು ಮತ್ತು ಗಾಳಿ ಹೀಗೆ ಹೆಣೆದುಕೊಂಡಿರುವಲ್ಲಿ ಬೆಂಕಿ ಬಹು ಬೇಗ ಹಬ್ಬುತ್ತದೆ. ಸದ್ದನ್ನು ಹೊರಗಿಡಲೆಂದು ಮುಚ್ಚಿದ ಮನೆ ಹೊಗೆಯನ್ನು ಒಳಗೇ ಹಿಡಿದಿಡುತ್ತದೆ.

ಇದು ಮೌನಕ್ಕೆ ತೆರಲೇಬೇಕಾದ ಬೆಲೆಯೇ? ಅಲ್ಲವೆಂದು ಭೌತವಿಜ್ಞಾನ ಸ್ಪಷ್ಟವಾಗಿ ಹೇಳುತ್ತದೆ. ಶಬ್ದವನ್ನು ಅಡಗಿಸುವುದು ನಾರುಗಳ ನಡುವಣ ಸಂದುಗಳ ರಚನೆಯೇ ಹೊರತು, ಉರಿಯುವ ಗುಣವಲ್ಲ. ಗಾಜಿನಿಂದ ಅಥವಾ ಕರಗಿಸಿದ ಕಲ್ಲಿನಿಂದ ಎಳೆದ ಉಣ್ಣೆಯಂತಹ ನಾರಿನಲ್ಲಿಯೂ ಅದೇ ಸಂದುಗಳಿವೆ. ಗಾಜೂ ಕಲ್ಲೂ ಗೋಣಿಯಂತೆ ಉರಿಯುವುದಿಲ್ಲ. ಗಾಳಿಯ ವಿಚಾರವೂ ಹಾಗೆಯೇ. ಇಕ್ಕಟ್ಟಾದ ಕೊಳವೆಯಲ್ಲಿ ವೇಗವಾಗಿ ನುಗ್ಗುವ ಗಾಳಿ ಶಿಳ್ಳೆ ಹಾಕುತ್ತದೆ. ಅಷ್ಟೇ ಗಾಳಿಯನ್ನು ವಿಶಾಲವಾದ ಕೊಳವೆಯಲ್ಲಿ ನಿಧಾನವಾಗಿ ಹರಿಸಿ, ಕೊಳವೆಯ ಒಳಮೈಗೂ ಶಬ್ದಶೋಷಕವನ್ನು ಹಚ್ಚಿದರೆ, ಗಾಳಿ ಒಳಗೆ ಬರುತ್ತದೆ, ಸದ್ದು ಬರುವುದಿಲ್ಲ. ಇಂದು ಬಳಕೆಗೆ ಬಂದಿರುವ ಎಲ್‌ಇಡಿ ದೀಪಗಳು ಅಷ್ಟೇ ಬೆಳಕಿಗೆ ಬಹು ಕಡಮೆ ವಿದ್ಯುತ್ತನ್ನು ಬಳಸುವುದರಿಂದ ಶಾಖವೂ ಅಷ್ಟರ ಮಟ್ಟಿಗೆ ತಗ್ಗಿದೆ. ಮೌನವನ್ನೂ ಪ್ರಾಣವನ್ನೂ ಒಟ್ಟಿಗೆ ಕಾಯುವ ವಿದ್ಯೆ ನಮ್ಮಲ್ಲಿದೆ. ಅದಕ್ಕೆ ತಕ್ಕ ವೆಚ್ಚವನ್ನು ಮಾಡುವ ಮನಸ್ಸಿರಬೇಕು, ಅಷ್ಟೆ.

ಸಂಜೆ ಬಸ್ಸು ನಮ್ಮನ್ನು ಹೆಬ್ಬಾಗಿಲ ಬಳಿ ಇಳಿಸಿತು. ತರುಣರಿಗೆ ತಾರೆಯರು ಯಾರೂ ಕಾಣಸಿಗಲಿಲ್ಲ. ಏಣಿ ಹೊತ್ತವರು, ತಂತಿ ಸುತ್ತುವವರು, ದೀಪ ಏರಿಸುವವರು ಮಾತ್ರ ಹೋಗುತ್ತ ಬರುತ್ತ ಇದ್ದರು. ಬೆಳಕೂ ಸದ್ದೂ ಮನುಷ್ಯನ ಮಾತನ್ನು ಕೇಳುವ ಆ ಮನೆಯೊಳಗೆ ಹಗಲಿರುಳು ದುಡಿಯುವವರು ಇವರೇ. ಅಲ್ಲಿಯ ಗೋಡೆಗೆ ಯಾವ ನಾರನ್ನು ಹೊದಿಸಿದೆಯೆಂಬುದು ಚಿತ್ರ ನೋಡುವ ನಮಗೆ ಎಂದಿಗೂ ಕಾಣುವುದಿಲ್ಲ. ಇವರಿಗೆ ಮಾತ್ರ ಅದು ಜೀವದ ಪ್ರಶ್ನೆ.

ಓದುಗರು ನಾಳೆ ತಮ್ಮ ಕಾಲೇಜಿನ ಸಭಾಂಗಣವನ್ನು ಹೊಕ್ಕಾಗ ಒಮ್ಮೆ ಚಪ್ಪಾಳೆ ತಟ್ಟಿ, ಸದ್ದು ಎಷ್ಟು ಹೊತ್ತಿಗೆ ಅಡಗುವುದೆಂದು ಆಲಿಸಲಿ. ಬೇಗ ಅಡಗಿದರೆ ಗೋಡೆಗೆ ಏನನ್ನು ಹೊದಿಸಿದ್ದಾರೆಂದು ಕೇಳಿ ತಿಳಿಯಲಿ. ಆಮೇಲೆ, ಬಾಗಿಲುಗಳು ಎಷ್ಟಿವೆ, ಅವು ಹೊರಕ್ಕೆ ತೆರೆಯುತ್ತವೆಯೇ, ಯಾವುದಕ್ಕಾದರೂ ಬೀಗ ಹಾಕಿದೆಯೇ ಎಂಬುದನ್ನೂ ನೋಡಲಿ.