ಮುಳ್ಳಿನ ಕಿರೀಟದ ಅರಸನಿಗೊಂದು ಹಬ್ಬ

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿದ್ದವು. ರಷ್ಯಾದ ತ್ಸಾರ್, ಜರ್ಮನಿಯ ಕೈಸರ್, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆ ಮೂವರೂ ಪಟ್ಟ ಕಳೆದುಕೊಂಡಿದ್ದರು. ಇಟಲಿಯಲ್ಲಿ 1922ರಲ್ಲೇ ಮುಸೊಲಿನಿ ಅಧಿಕಾರ ಹಿಡಿದಿದ್ದ. ಅರಸೊತ್ತಿಗೆ ಹಳೆಯ ಕಥೆಯಾಗುತ್ತಿದ್ದ ಇಂಥ ಕಾಲದಲ್ಲಿ, 1925ರ ಡಿಸೆಂಬರ್ 11ರಂದು, ಪೋಪ್ ಹನ್ನೊಂದನೆಯ ಪಯಸ್ 'ಕ್ವಾಸ್ ಪ್ರೀಮಾಸ್' ಎಂಬ ವಿಶ್ವಪತ್ರ ಹೊರಡಿಸಿ ಕ್ರಿಸ್ತರಾಜನ ಹಬ್ಬವನ್ನು ಜಾರಿಗೆ ತಂದರು. ಜನರಷ್ಟೇ ಅಲ್ಲ, ರಾಷ್ಟ್ರಗಳೂ ಕ್ರಿಸ್ತನ ಆಳ್ವಿಕೆಗೆ ತಲೆಬಾಗಬೇಕು ಎಂಬುದು ಅದರ ಒಟ್ಟು ವಾದ. ಅಕ್ಟೋಬರಿನ ಕೊನೆಯ ಭಾನುವಾರ ಹಬ್ಬಕ್ಕೆ ಗೊತ್ತಾಯಿತು.

ಮರುವರ್ಷವೇ ಮೆಕ್ಸಿಕೊದಲ್ಲಿ ಈ ವಾದ ಬೀದಿಗಿಳಿಯಿತು. ಅಧ್ಯಕ್ಷ ಕಾಯೆಸ್ ಚರ್ಚಿನ ಮೇಲಿನ ನಿರ್ಬಂಧಗಳನ್ನು ಬಿಗಿಗೊಳಿಸಿದಾಗ ಬಿಷಪರು ಬಹಿರಂಗ ಪೂಜೆಯನ್ನೇ ನಿಲ್ಲಿಸಿದರು. ಹಳ್ಳಿಗಾಡಿನ ರೈತರು ಬಂದೂಕು ಎತ್ತಿಕೊಂಡರು. 'ವೀವಾ ಕ್ರಿಸ್ತೊ ರೇಯ್', ಅಂದರೆ ಕ್ರಿಸ್ತರಾಜನಿಗೆ ಜಯವಾಗಲಿ ಎಂಬುದು ಅವರ ರಣಘೋಷ. ಅದೇ ಘೋಷ ನಿರಾಯುಧರೊಬ್ಬರ ಬಾಯಲ್ಲಿ ಬೇರೆಯೇ ತೂಕ ಪಡೆಯಿತು. ಮಿಗೆಲ್ ಪ್ರೊ ಎಂಬ ಯೇಸುಸಭೆಯ ಗುರುಗಳು ವೇಷ ಮರೆಸಿಕೊಂಡು ಮನೆಮನೆಗೆ ಪರಮಪ್ರಸಾದ ಒಯ್ಯುತ್ತಿದ್ದರು. ಮಾಜಿ ಅಧ್ಯಕ್ಷ ಒಬ್ರೆಗೊನ್ ಕೊಲೆಯತ್ನದ ಆರೋಪ ಹೊರಿಸಿ, ವಿಚಾರಣೆಯನ್ನೂ ನಡೆಸದೆ, 1927ರ ನವೆಂಬರ್ 23ರಂದು ಅವರಿಗೆ ಗುಂಡಿಕ್ಕಲಾಯಿತು. ಕಣ್ಣಿಗೆ ಬಟ್ಟೆ ಬೇಡವೆಂದು, ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಪುಟ್ಟ ಶಿಲುಬೆ ಹಿಡಿದು, ತೋಳು ಚಾಚಿ ನಿಂತು ಆ ಘೋಷವನ್ನೇ ನುಡಿದರು. ಸರ್ಕಾರವೇ ಛಾಯಾಗ್ರಾಹಕರನ್ನು ಕರೆಸಿತ್ತು. ಹೆದರಿಸಲೆಂದು ತೆಗೆಸಿದ ಆ ಚಿತ್ರಗಳನ್ನು ಭಕ್ತರು ಜೋಪಾನವಾಗಿ ಇಟ್ಟುಕೊಂಡರು.

ಮೆಕ್ಸಿಕೊದ ಕುಬಿಲೆತೆ ಬೆಟ್ಟದ ಮೇಲಿದ್ದ ಕ್ರಿಸ್ತರಾಜನ ಪ್ರತಿಮೆಯನ್ನು 1928ರಲ್ಲಿ ಸ್ಫೋಟಿಸಿ ಕೆಡವಲಾಯಿತು. ಆಮೇಲೆ ಎದ್ದ ಭಾರಿ ಕಂಚಿನ ಪ್ರತಿಮೆಯ ಅಕ್ಕಪಕ್ಕ ಇಬ್ಬರು ದೇವದೂತರಿದ್ದಾರೆ. ಒಬ್ಬ ರಾಜಕಿರೀಟ ನೀಡುತ್ತಿದ್ದಾನೆ, ಇನ್ನೊಬ್ಬ ಮುಳ್ಳಿನ ಕಿರೀಟ.

ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಲ್ಲಿ ಪೂಜಾ ಪಂಚಾಂಗ ಪರಿಷ್ಕಾರವಾದಾಗ ಹಬ್ಬ ಜಾಗ ಬದಲಿಸಿತು. ಕ್ರಿಸ್ಮಸ್ ಸಿದ್ಧತೆಯ ಆಗಮನ ಕಾಲ ಶುರುವಾಗುವುದಕ್ಕೆ ಮುಂಚಿನ ಭಾನುವಾರ, ಪೂಜಾ ವರ್ಷದ ಕಟ್ಟಕಡೆಗೆ ಅದು ಬಂತು. ಅಂದು ಓದುವ ಶುಭಸಂದೇಶ ಮೂರು ವರ್ಷಗಳಲ್ಲಿ ಒಂದು ಸುತ್ತು ಬರುತ್ತದೆ. ಯೊವಾನ್ನನಲ್ಲಿ ಈ ಅರಸ ರೋಮನ್ ಅಧಿಪತಿ ಪಿಲಾತನ ಮುಂದೆ ನಿಂತ ಆರೋಪಿ. ಲೂಕನಲ್ಲಿ ಆತ, ಅರಸನೆಂದು ಗೇಲಿ ಮಾಡುವ ಫಲಕದಡಿ, ಶಿಲುಬೆಯಲ್ಲಿ ತೂಗುತ್ತಿದ್ದಾನೆ; ಆತನಿಗೊಂದು ರಾಜ್ಯವಿದೆಯೆಂದು ನಂಬಿ ಬೇಡಿಕೊಳ್ಳುವವನು ಪಕ್ಕದ ಶಿಲುಬೆಯ ಅಪರಾಧಿ. ಮತ್ತಾಯನಲ್ಲಿ ಮಾತ್ರ ಆತ ಸಿಂಹಾಸನದ ಮೇಲಿದ್ದಾನೆ. ಅಲ್ಲಿಯೂ ತಾನು ಹಸಿದವರಲ್ಲಿ, ರೋಗಿಗಳಲ್ಲಿ, ಸೆರೆಯಾಳುಗಳಲ್ಲಿ ಇದ್ದೆನೆಂದೇ ಹೇಳುತ್ತಾನೆ.

ನೋವು ಒಳ್ಳೆಯದೆಂದು ಇದರರ್ಥವಲ್ಲ. ಗೆತ್ಸೆಮನೆ ತೋಟದಲ್ಲಿ ನೋವಿನ ಈ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿಕೊಂಡವನು ಸ್ವತಃ ಯೇಸು. ರೋಗಿಗಳನ್ನು ಕಂಡಾಗ ಸಹಿಸಿಕೊಳ್ಳಿ ಎನ್ನದೆ ಗುಣಪಡಿಸಿದವನೂ ಅವನೇ. ತಪ್ಪಿಸಿಕೊಳ್ಳುವ ಶಕ್ತಿಯಿದ್ದೂ ತಪ್ಪಿಸಿಕೊಳ್ಳದೆ ನೊಂದವರ ಸಾಲಿನಲ್ಲಿ ನಿಂತದ್ದರಿಂದಲೇ ಆತ ಅರಸ ಎಂಬುದು ಕ್ರೈಸ್ತರ ನಂಬಿಕೆ. ರಾಷ್ಟ್ರಗಳ ಒಡೆಯ ಯಾರೆಂದು ಜಗತ್ತಿಗೆ ಸಾರಲು ಹುಟ್ಟಿದ ಹಬ್ಬ ಹೀಗೆ ಭಕ್ತರನ್ನೇ ಕಟಕಟೆಗೆ ಕರೆಯುವ ಹಬ್ಬವಾಯಿತು. ಮತ್ತಾಯ ಬರೆದ ಆ ಕಡೆಯ ತೀರ್ಪಿನಲ್ಲಿ ಯಾರು ಯಾರಿಗೆ ಉಣಿಸಿದರು, ಯಾರನ್ನು ಹೋಗಿ ಕಂಡರು ಎಂಬುದಷ್ಟೇ ವಿಚಾರಣೆಗೆ ಬರುತ್ತದೆ. ಎಷ್ಟು ಸಲ ಜೈಕಾರ ಹಾಕಿದರು ಎಂದು ಅರಸ ಕೇಳುವುದೇ ಇಲ್ಲ.